ಹವಳಕ್ಕೆ ತಕ್ಕ ಬೆಳಕು

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯವರಿಗೆ ನೀರೆಂದರೆ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಮದಗದ ಕೆರೆ, ಲಕ್ಕವಳ್ಳಿಯಲ್ಲಿ ಅಣೆಕಟ್ಟಿನಿಂದ ತಡೆದು ನಿಂತ ಭದ್ರೆ. ಹವಳ ಬೆಳೆಯುವ ಕಡಲಾದರೋ ಘಟ್ಟದಾಚೆ, ಮುರುಡೇಶ್ವರದೆದುರಿನ ನೇತ್ರಾಣಿ ದ್ವೀಪದ ಸುತ್ತ ಇದೆ. ಅಲ್ಲಿಂದ ಕಲ್ಲುಹವಳವನ್ನು ಕಿತ್ತು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಹಾಗಿರುವುದೇ ನ್ಯಾಯ. ನ್ಯಾಯಮಾರ್ಗದಿಂದ ದೊರೆತ ಹವಳವನ್ನು ಗಾಜಿನ ತೊಟ್ಟಿಯಲ್ಲಿ ಸಾಕುವವರಿಗೆ ಎಂತಹ ದೀಪ ಉಚಿತವೆಂಬುದನ್ನು ಮಾತ್ರ ನಮ್ಮ ಕೆರೆಯ ದಡದಿಂದಲೇ ವಿಚಾರಿಸಬಹುದು.

ಮುಂಗಾರಿನಲ್ಲಿ ಗಿರಿಯ ಮಣ್ಣನ್ನೂ ಕೊಳೆತ ಎಲೆಗಳ ರಸವನ್ನೂ ಹೊತ್ತು ಬರುವ ಕೆರೆಯ ನೀರು ಸೂರ್ಯಕಿರಣದ ನೀಲಿಯನ್ನು ಮೊದಲು ಹೀರಿ, ಹಸುರು ಹಳದಿಗಳನ್ನು ಒಳಕ್ಕೆ ಬಿಡುತ್ತದೆ. ನಿರ್ಮಲವಾದ ಕಡಲನೀರು ಇದಕ್ಕೆ ವಿಪರೀತವಾಗಿ ಕೆಂಪನ್ನು ಕೆಲವೇ ಮೀಟರುಗಳಲ್ಲಿ ನುಂಗಿ, ನೀಲಿಯನ್ನು ಬಹುದೂರ ಕೆಳಗಿಳಿಸುತ್ತದೆ. ಪ್ರಾಣಿಯೇ ಆದ ಹವಳವು ತನ್ನ ಅಂಗಾಂಶದೊಳಗೆ ಸೂಕ್ಷ್ಮ ಪಾಚಿಗಳಿಗೆ ಆಶ್ರಯವಿತ್ತು, ಅವು ಬೆಳಕಿನಿಂದ ರಚಿಸಿದ ಶರ್ಕರದ ಬಹುಭಾಗವನ್ನು ತಾನು ಉಣ್ಣುವುದಷ್ಟೆ. ಆ ಪಾಚಿಗಳ ವರ್ಣದ್ರವ್ಯಗಳು ಮುಖ್ಯವಾಗಿ ಹೀರುವುದು 400ರಿಂದ 500 ನ್ಯಾನೊಮೀಟರಿನ ನೇರಳೆ-ನೀಲಿ ಕಿರಣಗಳನ್ನು. ಸಿಹಿನೀರಿನ ಗಿಡಗಳ ತೊಟ್ಟಿಗೆ ಒಪ್ಪುವ ಬಿಳಿ ದೀಪಕ್ಕಿಂತ ನೀಲಿ ಪ್ರಧಾನವಾದ ದೀಪ ಹವಳಕ್ಕೆ ಹಿತವೆನ್ನುವುದಕ್ಕೆ ಕಾರಣ ಇದೇ.

ದೀಪದ ಡಬ್ಬಿಯ ಮೇಲೆ ಅಚ್ಚಾದ ಲ್ಯೂಮೆನ್ ಅಂಕೆಯನ್ನು ನಂಬತಕ್ಕುದಲ್ಲ, ಏಕೆಂದರೆ ಅದು 555 ನ್ಯಾನೊಮೀಟರಿನ ಹಸುರನ್ನು ಅತ್ಯಂತ ಉಜ್ಜ್ವಲವಾಗಿ ಕಾಣುವ ಮನುಷ್ಯನೇತ್ರದ ಅಳತೆ. ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನ ಕಣಗಳನ್ನೆಣಿಸುವ ‘ಪಾರ್’ ಎಂಬ ಮಾನವೇ ಇಲ್ಲಿ ಪ್ರಮಾಣ. ಉಷ್ಣವಲಯದ ಮಧ್ಯಾಹ್ನದ ಬಿಸಿಲಿನಲ್ಲಿ ಅದು ಸುಮಾರು 2,000. ತೊಟ್ಟಿಯ ಮೃದುಹವಳಕ್ಕೆ 100ರ ಆಸುಪಾಸು ಸಾಕು, ಬಿಸಿಲನ್ನು ಬಯಸುವ ಕಲ್ಲುಹವಳಕ್ಕೆ 200–300 ಬೇಕಾಗುತ್ತದೆ.

ಹೆಚ್ಚಾದರೆ ಒಳಿತೆಂದು ಭಾವಿಸಬಾರದು. ಮಿತಿಮೀರಿದ ಬೆಳಕಿನಲ್ಲಿ ಪಾಚಿಗಳೊಳಗೆ ವಿಷಪ್ರಾಯವಾದ ಆಮ್ಲಜನಕ ರೂಪಗಳು ಹುಟ್ಟಲು, ಹವಳವು ಆ ಪಾಚಿಗಳನ್ನೇ ಹೊರದೂಡಿ ತಾನೇ ಬಿಳಿಚಿ ಹಸಿಯುತ್ತದೆ. ಆದುದರಿಂದ ಹೊಸ ದೀಪವನ್ನು ಮಂದವಾಗಿ ಹೊತ್ತಿಸಿ, ಹಲವು ವಾರಗಳಲ್ಲಿ ಏರಿಸುತ್ತ, ದಿನಕ್ಕೆ ಎಂಟು-ಹತ್ತು ಗಂಟೆ ಬೆಳಗಿಸಿ ಮಿಕ್ಕ ಹೊತ್ತು ಕತ್ತಲೆಯನ್ನು ಉಳಿಸತಕ್ಕದ್ದು. ಕಡೂರಿನ ಬೇಸಗೆಯಲ್ಲಂತೂ ಮೆಟಲ್ ಹ್ಯಾಲೈಡ್ ದೀಪದ ತಾಪ ನೀರಿಗಿಳಿದು ಹವಳಕ್ಕೆ ಮುಳುವಾಗಬಲ್ಲುದು. ಎಲ್‌ಇಡಿಯ ಶಾಖ ಬಹುಮಟ್ಟಿಗೆ ಅದರ ಬೆನ್ನಿನ ಲೋಹಫಲಕದಿಂದ ಗಾಳಿಗೆ ಹೋಗುವುದರಿಂದ, ಬೆಲೆ ತುಸು ಅಧಿಕವಾದರೂ, ಈ ಬಯಲುಸೀಮೆಗೆ ಅದನ್ನೇ ನಾನು ಸೂಚಿಸುತ್ತೇನೆ.