ಸೆರೆಮನೆಯ ಓದು: ಕಥೋಲಿಕ ಬಂದಿಗಳ ವಿಶ್ವಾಸದಲ್ಲಿ ಗ್ರಂಥದ ಪಾತ್ರ

ಸೆರೆಮನೆಯಲ್ಲಿ ಬರೆದ ಗ್ರಂಥಗಳ ವಿಚಾರವನ್ನು ಸಾಹಿತ್ಯಚರಿತ್ರೆಗಳು ಸಾಕಷ್ಟು ವಿಸ್ತಾರವಾಗಿ ಹೇಳಿವೆ. ಸೆರೆಮನೆಯಲ್ಲಿ ಓದಿದ ಗ್ರಂಥಗಳ ವಿಚಾರಕ್ಕೆ ಅಷ್ಟು ಗಮನ ದೊರೆತಿಲ್ಲ. ಇದು ಸಹಜವೇ. ಬರೆದವನ ಹೆಸರು ಗ್ರಂಥದೊಡನೆ ಉಳಿಯುತ್ತದೆ. ಓದಿದವನ ಗುರುತು ಉಳಿಯುವುದು ಅಪೂರ್ವ. ಆದರೂ ಕಥೋಲಿಕ ಧರ್ಮದ ಚರಿತ್ರೆಯಲ್ಲಿ ಬಂದಿಗಳು ಏನನ್ನು ಓದಿದರು, ಆ ಓದಿನಿಂದ ಅವರ ವಿಶ್ವಾಸ ಹೇಗೆ ಮೊಳೆಯಿತು ಅಥವಾ ಹೇಗೆ ಬಲಿಯಿತು ಎಂಬುದನ್ನು ತಿಳಿಸುವ ಆಧಾರಗಳು ಕೆಲವು ಉಳಿದುಬಂದಿವೆ. ಪುಸ್ತಕದ ಅಂಚಿನ ಬರೆವಣಿಗೆ, ಗೋಡೆಯ ಮೇಲಿನ ಕೆತ್ತನೆ, ಕಾಗದಪತ್ರಗಳು, ದಿನಚರಿ ಇವೇ ಆ ಆಧಾರಗಳು. ಇವುಗಳ ಸಹಾಯದಿಂದ ಒಂದು ಪ್ರಶ್ನೆಯನ್ನು ಇಲ್ಲಿ ವಿಚಾರಮಾಡಬಯಸುತ್ತೇವೆ: ಸೆರೆಯಾಳಿನ ಮನಸ್ಸನ್ನು ತಿರುಗಿಸುವುದು ಏಕಾಂತವೆ, ಪುಸ್ತಕವೆ, ಅಥವಾ ಇವೆರಡರ ಜೊತೆಗೆ ಮತ್ತೊಂದು ಉಂಟೆ?

ಮೊದಲು ಒಂದು ಪದ್ಧತಿಯ ಪರಿಚಯ ಅವಶ್ಯಕ. ಕಥೋಲಿಕ ಸಂಪ್ರದಾಯದಲ್ಲಿ ಆಧ್ಯಾತ್ಮಿಕ ಪಠನವೆಂದರೆ ವಿಷಯಸಂಗ್ರಹಕ್ಕಾಗಿ ಮಾಡುವ ಓದಲ್ಲ. 12ನೆಯ ಶತಮಾನದಲ್ಲಿ ಕಾರ್ಥೂಸಿಯನ್ ಪಂಥದ ಎರಡನೆಯ ಗ್ವೀಗೊ ಎಂಬ ಸಂನ್ಯಾಸಿಯು ಇದನ್ನು ನಾಲ್ಕು ಮೆಟ್ಟಿಲುಗಳ ಏಣಿಯಾಗಿ ವರ್ಣಿಸಿದನು. ಪಠನ, ಮನನ, ಪ್ರಾರ್ಥನೆ, ಧ್ಯಾನ ಎಂಬಿವೇ ಆ ಮೆಟ್ಟಿಲುಗಳು. ಶ್ರವಣ, ಮನನ, ನಿದಿಧ್ಯಾಸನಗಳ ಕ್ರಮವನ್ನು ಬಲ್ಲ ನಮ್ಮ ವಾಚಕರಿಗೆ ಇದು ತೀರ ಹೊಸದೆನಿಸದು. ಆದರೆ ಗ್ವೀಗೊವಿನ ಕ್ರಮದಲ್ಲಿ ಮೂರನೆಯ ಮೆಟ್ಟಿಲಾದ ಪ್ರಾರ್ಥನೆಗೆ, ಎಂದರೆ ಓದಿದವನು ದೇವರಿಗೆ ಕೊಡುವ ಪ್ರತ್ಯುತ್ತರಕ್ಕೆ, ವಿಶೇಷ ಸ್ಥಾನವಿದೆಯೆಂಬ ಭೇದವನ್ನು ಮರೆಯಲಾಗದು. ಕಾರ್ಥೂಸಿಯನ್ನರು ದಿನದ ಬಹುಭಾಗವನ್ನು ತಮ್ಮ ತಮ್ಮ ಕೋಣೆಗಳಲ್ಲಿ ಒಂಟಿಯಾಗಿ ಕಳೆಯುವವರು. ಸಂನ್ಯಾಸಿಯ ಕೋಣೆಗೂ ಸೆರೆಯಾಳಿನ ಕೋಣೆಗೂ ಇಂಗ್ಲಿಷಿನಲ್ಲಿ 'ಸೆಲ್' ಎಂಬುದೊಂದೇ ಶಬ್ದ. ಒಬ್ಬನು ಅದನ್ನು ತಾನಾಗಿ ಆರಿಸಿಕೊಂಡವನು, ಇನ್ನೊಬ್ಬನು ಅದರೊಳಕ್ಕೆ ನೂಕಲ್ಪಟ್ಟವನು. ನೂಕಲ್ಪಟ್ಟವನು ಅದನ್ನು ಆರಿಸಿಕೊಂಡ ಕೋಣೆಯಂತೆ ಮಾಡಿಕೊಳ್ಳುವುದು ಸಾಧ್ಯವೆ ಎಂಬುದೇ ಈ ಚರಿತ್ರೆಯ ತಿರುಳು.

ಸರ್ ಥಾಮಸ್ ಮೋರನು ಈ ಎರಡು ಬಗೆಯ ಕೋಣೆಗಳನ್ನೂ ಕಂಡವನು. ಯೌವನದಲ್ಲಿ ಕೆಲವು ವರ್ಷ ಅವನು ಲಂಡನ್ನಿನ ಕಾರ್ಥೂಸಿಯನ್ ಮಠದವರ ನಡುವೆ, ವ್ರತವನ್ನು ಸ್ವೀಕರಿಸದೆ, ಬಾಳಿದ್ದನು. ಮುಂದೆ ಇಂಗ್ಲೆಂಡಿನ ಚಾನ್ಸಲರ್ ಪದವಿಗೇರಿದನು. ಎಂಟನೆಯ ಹೆನ್ರಿಯ ಉತ್ತರಾಧಿಕಾರ ಶಾಸನವು ಬೇಡಿದ ಪ್ರಮಾಣವಚನವನ್ನು ಸ್ವೀಕರಿಸಲೊಲ್ಲದೆ 1534ರ ಏಪ್ರಿಲ್ 17ರಂದು ಟವರ್ ಕೋಟೆಯ ಸೆರೆಯನ್ನು ಹೊಕ್ಕನು. ಅವನ ಬಳಿಯಿದ್ದ ಲ್ಯಾಟಿನ್ ಪ್ರಾರ್ಥನಾ ಪುಸ್ತಕ ಮತ್ತು ಕೀರ್ತನೆಗಳ ಗ್ರಂಥ ಇಂದು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿವೆ. ಕೀರ್ತನೆಗಳ ಪಕ್ಕದಲ್ಲಿ ಅವನು ಕಿರುಟಿಪ್ಪಣಿಗಳನ್ನು ಬರೆದಿದ್ದಾನೆ. ಸಂಕಟಕಾಲ, ದುಷ್ಟಶಕ್ತಿಗಳ ಪ್ರಲೋಭನೆ ಮೊದಲಾದ ವಿಷಯಗಳು ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಪ್ರಾರ್ಥನಾ ಪುಸ್ತಕದ ಮೇಲಂಚು ಕೆಳಂಚುಗಳಲ್ಲಿ ತನ್ನದೇ ಆದ ಪ್ರಾರ್ಥನೆಯೊಂದನ್ನು, ಪುಟದಿಂದ ಪುಟಕ್ಕೆ ಸಾಲು ಮುಂದುವರಿಸುತ್ತ, ಇಂಗ್ಲಿಷಿನಲ್ಲಿ ರಚಿಸಿದ್ದಾನೆ. ಗ್ವೀಗೊವಿನ ಮೂರನೆಯ ಮೆಟ್ಟಿಲು ಇಲ್ಲಿ ಶಾಯಿಯಲ್ಲಿ ಕಾಣಿಸುತ್ತದೆ. ಅಚ್ಚಾದ ಮಾತು ನಡುವೆ, ಅದಕ್ಕೆ ಬಂದಿಯು ಕೊಟ್ಟ ಉತ್ತರ ಅದರ ಸುತ್ತ.

ಸೆರೆಯಲ್ಲಿಯೇ ಮೋರನು ಸಂಕಟದಲ್ಲಿ ಸಾಂತ್ವನವನ್ನು ಕುರಿತ ಸಂವಾದವೊಂದನ್ನೂ, ಕ್ರಿಸ್ತನ ವೇದನೆಯನ್ನು ಕುರಿತ ಲ್ಯಾಟಿನ್ ವ್ಯಾಖ್ಯಾನವನ್ನೂ ಬರೆದನು. ಈ ಎರಡನೆಯದರ ಸ್ವಹಸ್ತಪ್ರತಿ 1963ರಲ್ಲಿ ಸ್ಪೇನಿನ ವಲೆನ್ಸಿಯಾ ನಗರದಲ್ಲಿ ಬೆಳಕಿಗೆ ಬಂದಿತು. ಕ್ರಿಸ್ತನನ್ನು ಸೈನಿಕರು ಹಿಡಿಯುವ ಪ್ರಸಂಗದಲ್ಲಿ ಅದು ನಿಂತುಹೋಗುತ್ತದೆ. 1535ರ ಜೂನ್ 12ರಂದು ರಾಜಾಧಿಕಾರಿಗಳು ಬಂದು ಅವನ ಪುಸ್ತಕಗಳನ್ನು ಕಟ್ಟಿಕೊಂಡು ಹೋದರು. ಜುಲೈ 6ರಂದು ಅವನ ಶಿರಚ್ಛೇದವಾಯಿತು. ಹಿಂದಿನ ದಿನ ಮಗಳು ಮಾರ್ಗರೆಟಳಿಗೆ ಬರೆದ ಕಾಗದವನ್ನು ಅವನು ಇದ್ದಲಿನಿಂದ ಬರೆದನೆಂದು, 1557ರಲ್ಲಿ ಅವನ ಕೃತಿಗಳನ್ನು ಅಚ್ಚುಹಾಕಿಸಿದ ವಿಲಿಯಂ ರಾಸ್ಟೆಲ್ ತಿಳಿಸುತ್ತಾನೆ. ಬಂದಿಯ ಓದು ಒಂದು ಶಕ್ತಿಯೆಂಬುದನ್ನು ಸರ್ಕಾರ ಚೆನ್ನಾಗಿ ಅರಿತಿತ್ತೆಂಬುದಕ್ಕೆ ಆ ಪುಸ್ತಕಗಳ ಅಪಹರಣವೇ ಸಾಕ್ಷಿ.

ಅಂದು ಪುಸ್ತಕಗಳನ್ನು ಒಯ್ಯಲು ಬಂದವರಲ್ಲಿ ರಿಚರ್ಡ್ ಸೌಥ್‌ವೆಲ್ ಎಂಬವನೊಬ್ಬ. ಇವನ ಮೊಮ್ಮಗನೇ ಯೇಸುಸಭೆಯ ಗುರುವೂ ಕವಿಯೂ ಆದ ರಾಬರ್ಟ್ ಸೌಥ್‌ವೆಲ್. ಅಜ್ಜನು ಬಂದಿಯಿಂದ ಪುಸ್ತಕವನ್ನು ಕಿತ್ತುಕೊಂಡ ಕೋಟೆಗೇ ಮೊಮ್ಮಗನು, ಐವತ್ತು ವರ್ಷಗಳ ಮೇಲೆ, ಇನ್ನೊಬ್ಬ ಬಂದಿಗಾಗಿ ಓದನ್ನು ಕಳುಹಿಸಿದನು. ಆ ಬಂದಿ ಆರಂಡೆಲ್ ಪ್ರಭು ಫಿಲಿಪ್ ಹೋವರ್ಡ್. ರಾಣಿ ಎಲಿಜಬೆತಳ ಆಸ್ಥಾನದಲ್ಲಿ ವಿಲಾಸದಿಂದಿದ್ದ ಈತನು 1581ರಲ್ಲಿ ಟವರ್ ಕೋಟೆಯಲ್ಲಿ ಬಂದಿಯಾಗಿದ್ದ ಎಡ್ಮಂಡ್ ಕ್ಯಾಂಪಿಯನ್ನನ ಧಾರ್ಮಿಕ ವಾಗ್ವಾದವನ್ನು ಕೇಳಿ ಕಲಕಿಹೋದನು. 1584ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದನು. 1585ರಲ್ಲಿ ದೇಶವನ್ನು ಬಿಟ್ಟುಹೋಗಲು ಯತ್ನಿಸಿ ಸೆರೆಸಿಕ್ಕಿದನು. ಅವನಿಗಾಗಿ ಸೌಥ್‌ವೆಲ್ ಬರೆದ ಸಾಂತ್ವನದ ಪತ್ರಗಳೇ ಬೆಳೆದು ರಹಸ್ಯವಾಗಿ ಅಚ್ಚಾದ ಗ್ರಂಥವಾದವು. ಈ ಇಬ್ಬರೂ ಒಬ್ಬರನ್ನೊಬ್ಬರು ಮುಖತಃ ಕಾಣಲಿಲ್ಲ. ಅವರ ಸ್ನೇಹವೆಲ್ಲ ಕಾಗದದ ಮೇಲಿನದು.

ಹೋವರ್ಡನು ಕೇವಲ ಓದುಗನಾಗಿ ಉಳಿಯಲಿಲ್ಲ. ಕಲೋನ್ ನಗರದ ಕಾರ್ಥೂಸಿಯನ್ ಲಾನ್ಸ್‌ಪೆರ್ಜಿಯಸನು ಬರೆದ, ಕ್ರಿಸ್ತನೇ ಆತ್ಮಕ್ಕೆ ಬರೆದ ಪತ್ರದಂತಿರುವ ಗ್ರಂಥವೊಂದನ್ನು ಅವನು ಸೆರೆಯಲ್ಲಿ ಇಂಗ್ಲಿಷಿಗೆ ತಿರುಗಿಸಿದನು. ಅನುವಾದವು ಅತ್ಯಂತ ನಿಧಾನವಾದ ಓದು. ಒಂದು ಪದವನ್ನೂ ದಾಟಿಹೋಗುವಂತಿಲ್ಲ. ಈ ಲೋಕದಲ್ಲಿ ಕ್ರಿಸ್ತನಿಗಾಗಿ ಪಟ್ಟ ಪಾಡು ಹೆಚ್ಚಿದಷ್ಟೂ ಪರಲೋಕದಲ್ಲಿ ಅವನೊಡನೆ ಪಡೆಯುವ ಮಹಿಮೆ ಹೆಚ್ಚೆಂಬ ಅರ್ಥದ ಲ್ಯಾಟಿನ್ ವಾಕ್ಯವನ್ನು 1587ರಲ್ಲಿ ಅವನು ಕೋಣೆಯ ಗೋಡೆಯಲ್ಲಿ ಕೊರೆದನು. ಅದನ್ನು ಇಂದಿಗೂ ಬೋಶಾಂ ಬುರುಜಿನಲ್ಲಿ ನೋಡಬಹುದು. ಸೌಥ್‌ವೆಲ್ 1595ರ ಫೆಬ್ರವರಿಯಲ್ಲಿ ವಧಿಸಲ್ಪಟ್ಟನು. ಹೋವರ್ಡ್ ಅದೇ ವರ್ಷದ ಅಕ್ಟೋಬರಿನಲ್ಲಿ ಸೆರೆಯಲ್ಲಿಯೇ ತೀರಿಕೊಂಡನು. 1970ರಲ್ಲಿ ಧರ್ಮಸಭೆಯು ಇಬ್ಬರನ್ನೂ ಒಂದೇ ದಿನ ಸಂತರೆಂದು ಘೋಷಿಸಿತು.

ಈ ದೃಷ್ಟಾಂತಗಳಿಂದ ಏಕಾಂತವೂ ಗ್ರಂಥವೂ ಸೇರಿದರೆ ಸಾಕು, ಪರಿವರ್ತನೆ ತಾನಾಗಿ ಬರುವುದೆಂದು ತೀರ್ಮಾನಿಸುವುದು ಸುಲಭ. 19ನೆಯ ಶತಮಾನದ ಬ್ರಿಟನ್ನಿನ ಕಾರಾಗೃಹ ಸುಧಾರಕರು ಹೀಗೆಯೇ ತೀರ್ಮಾನಿಸಿದರು. ಇವರು ಪ್ರಾಟೆಸ್ಟೆಂಟ್ ಸಂಪ್ರದಾಯದವರಾದರೂ ಇವರು ನಡೆಸಿದ ಪ್ರಯೋಗ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. 1842ರಲ್ಲಿ ಲಂಡನ್ನಿನಲ್ಲಿ ತೆರೆದ ಪೆಂಟನ್‌ವಿಲ್ ಸೆರೆಮನೆಯಲ್ಲಿ ಪ್ರತಿಯೊಬ್ಬ ಬಂದಿಗೂ ಪ್ರತ್ಯೇಕ ಕೋಣೆ, ಕೋಣೆಯಲ್ಲಿ ಬೈಬಲ್. ಹೊರಗೆ ಬಂದಾಗ ಮುಖ ಮುಚ್ಚುವ ಟೋಪಿ, ಪ್ರಾರ್ಥನಾಮಂದಿರದಲ್ಲಿಯೂ ಒಬ್ಬನು ಇನ್ನೊಬ್ಬನನ್ನು ಕಾಣದಂತೆ ಹಲಗೆಯ ಅಡ್ಡಗೋಡೆ. 18 ತಿಂಗಳ ಈ ಏಕಾಂತದಲ್ಲಿ ಪಶ್ಚಾತ್ತಾಪ ಹಣ್ಣಾಗುವುದೆಂದು ಎಣಿಸಿದ್ದರು. ಆದರೆ ಅನೇಕ ಬಂದಿಗಳ ಬುದ್ಧಿಸ್ಥಿಮಿತವೇ ಕೆಟ್ಟಿತು. ಕೊನೆಗೆ ಅವಧಿಯನ್ನು 9 ತಿಂಗಳಿಗೆ ಇಳಿಸಬೇಕಾಯಿತು. ಕೋಣೆ ಇತ್ತು, ಗ್ರಂಥವೂ ಇತ್ತು. ಮೋರನಿಗಿದ್ದ ಮಾರ್ಗರೆಟ್, ಹೋವರ್ಡನಿಗಿದ್ದ ಸೌಥ್‌ವೆಲ್ ಅಲ್ಲಿರಲಿಲ್ಲ.

ಇದೇ ಪೆಂಟನ್‌ವಿಲ್ಲಿನಲ್ಲಿ 1895ರಲ್ಲಿ ಆಸ್ಕರ್ ವೈಲ್ಡನು ತನ್ನ ಶಿಕ್ಷೆಯ ಮೊದಲ ವಾರಗಳನ್ನು ಕಳೆದನು. ಆಗ ಅವನನ್ನು ಕಂಡು, ನಿಯಮವನ್ನು ಸಡಿಲಿಸಿ ಪುಸ್ತಕ ಕೊಡಿಸಿದವನು ಪಾರ್ಲಿಮೆಂಟ್ ಸದಸ್ಯನಾಗಿದ್ದ ಹಾಲ್ಡೇನ್, ಇವನು ಕಥೋಲಿಕನಲ್ಲ. ವೈಲ್ಡನು ಕೇಳಿ ಪಡೆದ ಪುಸ್ತಕಗಳಲ್ಲಿ ಸಂತ ಅಗಸ್ಟೀನ್, ಪಾಸ್ಕಲ್, ಕಾರ್ಡಿನಲ್ ನ್ಯೂಮನ್ ಇವರ ಗ್ರಂಥಗಳಿದ್ದವು. 1897ರಲ್ಲಿ ಬಿಡುಗಡೆಯಾದ ದಿನವೇ ಅವನು ಯೇಸುಸಭೆಯವರ ಮಠದಲ್ಲಿ ಆರು ತಿಂಗಳು ಧ್ಯಾನದಲ್ಲಿರಲು ಅನುಮತಿ ಬೇಡಿದನು, ಅದು ದೊರೆಯಲಿಲ್ಲ. 1900ರ ನವೆಂಬರಿನಲ್ಲಿ, ಮರಣಶಯ್ಯೆಯಲ್ಲಿ, ಧರ್ಮಸಭೆಯು ಅವನನ್ನು ಸ್ವೀಕರಿಸಿತು. ಓದಿಗೂ ಅಂಗೀಕಾರಕ್ಕೂ ನಡುವೆ ಐದು ವರ್ಷಗಳ, ಅದೂ ಬಹಳ ಕದಡಿದ ವರ್ಷಗಳ, ಅಂತರವಿದೆ. ಸೆರೆಯ ಓದೇ ಇದಕ್ಕೆ ಕಾರಣವೆಂದು ಚರಿತ್ರಕಾರನು ಸಾಧಿಸಲಾರನು; ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆಂದೂ ಹೇಳಲಾರನು.

ವಿಶ್ವಾಸವಿಲ್ಲದವನು ಸೆರೆಯಲ್ಲಿಯೇ ಅದನ್ನು ಪಡೆದುದಕ್ಕೆ ಸ್ಪಷ್ಟವಾದ ನಿದರ್ಶನ ಫ್ರಾನ್ಸಿನ ಜಾಕ್ ಫೆಶ್. 1930ರಲ್ಲಿ ಸ್ಥಿತಿವಂತರ ಮನೆಯಲ್ಲಿ ಹುಟ್ಟಿದ ಈತ 1954ರ ಫೆಬ್ರವರಿ 25ರಂದು ಪ್ಯಾರಿಸಿನಲ್ಲಿ ಹಣ ವಿನಿಮಯದ ವ್ಯಾಪಾರಿಯೊಬ್ಬನನ್ನು ದೋಚಿ, ಓಡುವಾಗ ಪೋಲೀಸಿನವನೊಬ್ಬನನ್ನು ಗುಂಡಿಕ್ಕಿ ಕೊಂದನು. ಸೆರೆಮನೆಯ ಗುರುವು ಮೊದಲು ಬಂದಾಗ ತನಗೆ ನಂಬಿಕೆಯಿಲ್ಲವೆಂದು ಹೇಳಿ ಕಳುಹಿಸಿದನು. ಭಕ್ತ ಕಥೋಲಿಕನಾಗಿದ್ದ ಅವನ ವಕೀಲ, ಆ ಗುರು, ಬೆನೆಡಿಕ್ಟಿನ್ ಮಠದ ಯುವಕ ಸಂನ್ಯಾಸಿಯೊಬ್ಬ ಇವರು ಮಾತು, ಪತ್ರ, ಪುಸ್ತಕಗಳ ಮೂಲಕ ಅವನೊಡನೆ ಸಂಬಂಧವನ್ನು ಉಳಿಸಿಕೊಂಡರು. ಒಂದು ವರ್ಷದ ನಂತರ, 1955ರಲ್ಲಿ, ಅವನು ಮನಸ್ಸು ತಿರುಗಿದವನಾದನು. ಅಲ್ಲಿಂದ ಮುಂದೆ ಅವನ ಪ್ರೀತಿಯ ಓದಿನಲ್ಲಿ ಲಿಸಿಯೂ ನಗರದ ಸಂತ ತೆರೇಸಳ ಬರೆಹ ಸೇರಿತು.

ಇದರಲ್ಲೊಂದು ಕುತೂಹಲದ ಅಂಶವಿದೆ. 1898ರಲ್ಲಿ ಪ್ರಕಟವಾದ ತೆರೇಸಳ ಆತ್ಮಕಥೆಯಲ್ಲಿಯೇ ಒಬ್ಬ ಮರಣದಂಡಿತನ ಪ್ರಸಂಗ ಬರುತ್ತದೆ. 1887ರಲ್ಲಿ, ಹದಿನಾಲ್ಕು ವರ್ಷದ ಹುಡುಗಿಯಾಗಿದ್ದಾಗ, ಮೂರು ಕೊಲೆಗಳಿಗಾಗಿ ವಧೆಗೆ ಗುರಿಯಾಗಿದ್ದ ಪ್ರಾಂಜೀನಿಯೆಂಬವನಿಗಾಗಿ ಆಕೆ ಪ್ರಾರ್ಥಿಸಿದಳು. ವಧಸ್ಥಾನದಲ್ಲಿ ಅವನು ಶಿಲುಬೆಯನ್ನು ಚುಂಬಿಸಿದನೆಂದು ಪತ್ರಿಕೆಯಲ್ಲಿ ಓದಿದಳು. ಬಂದಿಯೊಬ್ಬನ ವೃತ್ತಾಂತ ಗ್ರಂಥವನ್ನು ಸೇರಿ, ಆ ಗ್ರಂಥಕರ್ತೃವಿನ ಮಾತು ಎಪ್ಪತ್ತು ವರ್ಷಗಳ ತರುವಾಯ ಮತ್ತೊಬ್ಬ ಬಂದಿಯನ್ನು ಮುಟ್ಟಿತು. ಫೆಶ್ ತನ್ನ ಕೊನೆಯ ಎರಡು ತಿಂಗಳು ಚಿಕ್ಕ ಮಗಳಿಗಾಗಿ ದಿನಚರಿಯನ್ನು ಬರೆದಿಟ್ಟನು. 1957ರ ಅಕ್ಟೋಬರ್ 1ರಂದು ಸಾಂತೆ ಸೆರೆಮನೆಯಲ್ಲಿ ಅವನ ವಧೆಯಾಯಿತು. 1987ರಲ್ಲಿ ಪ್ಯಾರಿಸಿನ ಮಹಾಧರ್ಮಾಧ್ಯಕ್ಷರು ಅವನ ಜೀವನದ ಬಗ್ಗೆ ಧರ್ಮಸಭೆಯ ವಿಚಾರಣೆಯನ್ನು ಆರಂಭಿಸಿದಾಗ ಫ್ರಾನ್ಸಿನಲ್ಲಿ ತೀವ್ರ ವಿರೋಧವೂ ಕೇಳಿಬಂದಿತು. ಕೊಲೆಯಾದವನಿಗೂ ಸಂಸಾರವಿತ್ತೆಂಬುದನ್ನು ನೆನೆದರೆ ಆ ವಿರೋಧವನ್ನು ಅಲ್ಲಗಳೆಯಲಾಗದು.

ಇನ್ನು, ಗ್ರಂಥವೇ ಇಲ್ಲದ ಬಂದಿಯ ಗತಿಯೇನು? ವಿಯೆಟ್ನಾಮಿನ ಧರ್ಮಾಧ್ಯಕ್ಷ ಫ್ರಾನ್ಸಿಸ್ ಝೇವಿಯರ್ ನ್ಗುಯೆನ್ ವಾನ್ ಥುವಾನರು 1975ರ ಆಗಸ್ಟ್ 15ರಂದು ಬಂಧಿತರಾಗಿ 13 ವರ್ಷ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದರು; ಅದರಲ್ಲಿ 9 ವರ್ಷ ಏಕಾಂತವಾಸ. ಮೊದಲ ತಿಂಗಳುಗಳಲ್ಲಿ ಹುಡುಗನೊಬ್ಬನು ತಂದುಕೊಟ್ಟ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ತಮ್ಮ ಜನರಿಗಾಗಿ ಕಿರುಚಿಂತನೆಗಳನ್ನು ಬರೆದರು. ಆ ಮನೆಯ ಮಕ್ಕಳು ಅವನ್ನು ಪ್ರತಿಮಾಡಿ ಹರಡಿದರು. ಮುಂದೆ ಶಿಬಿರದಲ್ಲಿ ಬೈಬಲ್ ಇಲ್ಲದಿದ್ದಾಗ ಕಾಗದದ ಚೂರುಗಳನ್ನು ಕೂಡಿಸಿ, ಶುಭಸಂದೇಶದ 300ಕ್ಕೂ ಹೆಚ್ಚು ವಾಕ್ಯಗಳನ್ನು ನೆನಪಿನಿಂದ ಬರೆದು, ಪುಟ್ಟ ಪುಸ್ತಕವನ್ನು ಮಾಡಿಕೊಂಡರು. ಅದೇ ಅವರ ನಿತ್ಯಪಾರಾಯಣದ ಗ್ರಂಥವಾಯಿತು. ಮೊದಲೇ ಕಂಠಸ್ಥವಾಗಿದ್ದ ಓದು ಹೀಗೆ ಕೈಹಿಡಿಯಿತು. 1988ರಲ್ಲಿ ಬಿಡುಗಡೆಯಾದ ಅವರು 2001ರಲ್ಲಿ ಕಾರ್ಡಿನಲ್ ಆಗಿ, 2002ರಲ್ಲಿ ದಿವಂಗತರಾದರು.

ಈ ಆಧಾರಗಳನ್ನು ಬಳಸುವಾಗ ವಿದ್ಯಾರ್ಥಿಗಳು ಎರಡು ಎಚ್ಚರಗಳನ್ನು ವಹಿಸಬೇಕು. ಮೊದಲನೆಯದು, ಇವುಗಳನ್ನು ಬಹುಮಟ್ಟಿಗೆ ಕಾಪಾಡಿದವರು ಬಂದಿಗಳ ಆಪ್ತರು ಮತ್ತು ಸ್ವಧರ್ಮೀಯರು. ಓದಿ ಏನೂ ಆಗದೆ ಹೋದವರ ಕಾಗದಗಳನ್ನು ಕಾಪಾಡುವವರಿಲ್ಲ. ಎರಡನೆಯದು, ಸೆರೆಯಲ್ಲಿನ ಭಕ್ತಿ ದಯೆಯನ್ನು ಗಿಟ್ಟಿಸುವ ಉಪಾಯವೆಂಬ ಸಂದೇಹ. ಇದನ್ನು ಪರೀಕ್ಷಿಸಲು, ಆ ಭಕ್ತಿಯಿಂದ ಬಂದಿಗೆ ಲೌಕಿಕ ಲಾಭವೇನಾಯಿತೆಂದು ಕೇಳಬೇಕು. ಮೋರನೂ ಹೋವರ್ಡನೂ ತಮ್ಮ ವಿಶ್ವಾಸಕ್ಕಾಗಿಯೇ ಕಷ್ಟಕ್ಕೀಡಾದರು. ಫೆಶನ ಶಿಕ್ಷೆಯಾದರೋ ಕಡಮೆಯಾಗಲಿಲ್ಲ.

ಒಟ್ಟಿನಲ್ಲಿ, ನಾವು ಕೇಳಿದ ಪ್ರಶ್ನೆಗೆ ದೊರೆಯುವ ಉತ್ತರವಿದು. ಏಕಾಂತವೊಂದೇ ಮನುಷ್ಯನನ್ನು ತಿದ್ದುವುದಿಲ್ಲ, ಕೆಲವೊಮ್ಮೆ ಮುರಿಯುತ್ತದೆ. ಆಜ್ಞೆಯ ಮೂಲಕ ಕೋಣೆಯಲ್ಲಿರಿಸಿದ ಪುಸ್ತಕಕ್ಕೂ ಆ ಸಾಮರ್ಥ್ಯವಿಲ್ಲ. ಓದು ಬೇರೂರಿದ ಕಡೆಗಳಲ್ಲೆಲ್ಲ ಎರಡು ಲಕ್ಷಣಗಳು ಕಾಣುತ್ತವೆ: ಬಂದಿಯನ್ನು ಮನುಷ್ಯನೆಂದು ಬಗೆದು ಕೈನೀಡಿದವನೊಬ್ಬನಿದ್ದನು, ಬಂದಿಯು ತಾನು ಓದಿದ್ದಕ್ಕೆ ಅಂಚಿನಲ್ಲಿಯೋ ಗೋಡೆಯಲ್ಲಿಯೋ ಕಾಗದದ ಚೂರಿನಲ್ಲಿಯೋ ಉತ್ತರ ಬರೆದನು. ಸೆರೆಮನೆಗಳಿಗೆ ಪುಸ್ತಕ ಭಂಡಾರಗಳನ್ನು ಒದಗಿಸುವುದು ಒಳ್ಳೆಯ ಕಾರ್ಯವೇ ಸರಿ. ಆದರೆ ಪುಸ್ತಕದೊಡನೆ ಅದನ್ನು ಕೊಡುವವನೂ ಒಳಗೆ ಹೋಗಬೇಕು, ಬಂದಿಗೆ ಬರೆಯಲು ಕಾಗದವೂ ದೊರೆಯಬೇಕು. ಈ ಚರಿತ್ರೆಯಿಂದ ನಾವು ಕಲಿಯತಕ್ಕ ಪಾಠ ಇದೇ.