ಸತ್ತವರ ಸುದ್ದಿ ಹೇಳಿದ ವಿಹಾರ

ಥಾಯ್ಲೆಂಡಿನ ನಖೋನ್ ಪಥೋಮ್ ಸೀಮೆಯ ಒಂದು ರೈತ ಕುಟುಂಬದಲ್ಲಿ 1909ರಲ್ಲಿ ಚಂದ್ರಾ ಖೋನ್ನೋಕ್ಯೂಂಗ್ ಎಂಬ ಹುಡುಗಿ ಹುಟ್ಟಿದಳು. ಶಾಲೆಯ ಮುಖ ಕಾಣಲಿಲ್ಲ, ಗದ್ದೆಯಲ್ಲೇ ಬೆಳೆದಳು. ಅಪ್ಪ ಕುಡುಕ. ಒಂದು ದಿನ ಅಪ್ಪ-ಅಮ್ಮನ ಜಗಳದ ನಡುವೆ ಹುಡುಗಿ ಬಾಯಿ ಹಾಕಿದಳು. ಸಿಟ್ಟಿಗೆದ್ದ ಅಪ್ಪ, ಐನೂರು ಜನ್ಮ ಕಿವುಡಿಯಾಗಿ ಹುಟ್ಟು ಎಂದು ಶಪಿಸಿದ. ಸಾಯುವ ಕಾಲಕ್ಕೆ ಅವನ ಕ್ಷಮೆ ಕೇಳಬೇಕೆಂದು ಅವಳು ಕಾದಿದ್ದಳು. ಆದರೆ ಅವಳು ಗದ್ದೆಯಲ್ಲಿದ್ದ ಹೊತ್ತಿನಲ್ಲೇ ಅಪ್ಪ ಸತ್ತ. ಧ್ಯಾನದ ಬಲದಿಂದ ಸತ್ತವರನ್ನು ಕಾಣಬಹುದು ಎಂಬ ಮಾತು ಮುಂದೆಂದೋ ಅವಳ ಕಿವಿಗೆ ಬಿತ್ತು. ಇಪ್ಪತ್ತಾರರ ವಯಸ್ಸಿನಲ್ಲಿ ಊರು ಬಿಟ್ಟು ಬ್ಯಾಂಕಾಕಿಗೆ ಹೋದಳು. ಅಲ್ಲಿ ಒಬ್ಬ ಶ್ರೀಮಂತರ ಮನೆಯಲ್ಲಿ ಕೆಲಸಕ್ಕೆ ಸೇರಿದಳು. ಆ ಮನೆಗೆ ವಾಟ್ ಪಾಕ್ನಾಮ್ ವಿಹಾರದಿಂದ ಧ್ಯಾನ ಹೇಳಿಕೊಡಲು ಒಬ್ಬ ಸಾಧಕಿ ಬರುತ್ತಿದ್ದರು. ಅವರಿಂದ ಕಲಿತ ಧ್ಯಾನದಲ್ಲಿ ನರಕದಲ್ಲಿದ್ದ ಅಪ್ಪನನ್ನು ಕಂಡು, ಕ್ಷಮೆ ಬೇಡಿ, ಅವನನ್ನು ಅಲ್ಲಿಂದ ಬಿಡಿಸಿದಳು ಎಂಬುದು ಶಿಷ್ಯರ ನಂಬಿಕೆ.

ಬ್ಯಾಂಕಾಕಿನ ಉತ್ತರಕ್ಕೆ ಪಥುಮ್ ಥಾನಿ ಪ್ರಾಂತದಲ್ಲಿರುವ ವಾಟ್ ಫ್ರಾ ಧಮ್ಮಕಾಯ ಎಂಬ ಬೃಹತ್ ವಿಹಾರ ಈ ಹೆಣ್ಣುಮಗಳಿಂದ ಹುಟ್ಟಿತು. ಅದರ ಬಗ್ಗೆ ಸುದ್ದಿ ಬಂದಾಗಲೆಲ್ಲ ಕೋಟಿಗಟ್ಟಲೆ ಹಣ, ಪೊಲೀಸು, ಹಾರುವ ತಟ್ಟೆಯಂತಹ ಚೈತ್ಯ ಇವೇ ಮುಂದೆ ಬರುತ್ತವೆ. ಆದರೆ ಸತ್ತುಹೋದ ನನ್ನವರು ಈಗ ಎಲ್ಲಿದ್ದಾರೆ ಎಂಬ ಅವಳ ಪ್ರಶ್ನೆಯನ್ನು ಬಿಟ್ಟರೆ, ಲಕ್ಷಾಂತರ ಜನ ಅಲ್ಲಿಗೆ ಯಾಕೆ ಹೋದರು ಎಂಬುದು ಅರ್ಥವಾಗುವುದಿಲ್ಲ. ಆ ವಿಹಾರ ಯಾಕೆ ಇಷ್ಟು ಜಗಳಕ್ಕೆ ಸಿಕ್ಕಿತು ಎಂಬುದೂ ಅರ್ಥವಾಗುವುದಿಲ್ಲ.

ವಾಟ್ ಪಾಕ್ನಾಮ್ ವಿಹಾರದ ಗುರು ಲುವಾಂಗ್ ಪು ಸೋದ್ (1884–1959). ಹುಟ್ಟಿನಿಂದ ಅಕ್ಕಿ ವ್ಯಾಪಾರಿಗಳ ಮನೆತನದವರು, ಆಮೇಲೆ ಭಿಕ್ಷುವಾದವರು. ಅವರು ಕಲಿಸಿದ ಕ್ರಮ ನೋಡಲು ಸರಳ. ಕಣ್ಣು ಮುಚ್ಚಿ ಕುಳಿತು, 'ಸಮ್ಮಾ ಅರಹಂ' ಎಂದು ಒಳಗೇ ಜಪಿಸುತ್ತ, ಹೊಕ್ಕುಳಿಗಿಂತ ಎರಡು ಬೆರಳು ಮೇಲೆ, ದೇಹದ ನಟ್ಟನಡುವೆ ಒಂದು ಸ್ಫಟಿಕದ ಗೋಲವನ್ನು ಕಲ್ಪಿಸಿಕೊಳ್ಳಬೇಕು. ಮನಸ್ಸು ಅಲ್ಲಿ ನೆಲೆನಿಂತರೆ ಬೆಳಕು ಕಾಣುತ್ತದೆ. ಬೆಳಕಿನೊಳಗೆ ಒಂದರಲ್ಲೊಂದು ಅಡಗಿದ ಸೂಕ್ಷ್ಮ ದೇಹಗಳು ಕಾಣುತ್ತ ಹೋಗಿ, ಕೊನೆಗೆ ಬುದ್ಧನ ಆಕಾರದ ಹೊಳೆಯುವ ಕಾಯ ಕಾಣುತ್ತದೆ. ಅದೇ ಧಮ್ಮಕಾಯ. ಪಾಕ್ನಾಮಿನಲ್ಲಿ ಆಯ್ದ ಭಿಕ್ಷುಗಳೂ ಬಿಳಿಯುಡುಗೆಯ ಸಾಧಕಿಯರೂ ಪಾಳಿಯ ಮೇಲೆ ಹಗಲಿರುಳು ಧ್ಯಾನಕ್ಕೆ ಕೂರುತ್ತಿದ್ದರು. 1938ರಲ್ಲಿ ತಲೆ ಬೋಳಿಸಿಕೊಂಡು ಬಿಳಿ ಉಟ್ಟ ಚಂದ್ರಾ ಅವರಲ್ಲಿ ಮುಂಚೂಣಿಗೆ ಬಂದರು.

ಬಿಳಿ ಉಟ್ಟರು ಎಂದೆ, ಕಾಷಾಯವಲ್ಲ. ಥಾಯ್ ಸಂಘದಲ್ಲಿ ಹೆಂಗಸರಿಗೆ ಭಿಕ್ಷುಣಿ ದೀಕ್ಷೆ ಇಲ್ಲ. ದೀಕ್ಷೆ ಕೊಡಕೂಡದು ಎಂದು 1928ರಲ್ಲೇ ಸಂಘದ ಮುಖ್ಯಸ್ಥರಾದ ಸಂಘರಾಜರ ಆಜ್ಞೆಯಾಗಿದೆ. ಎಂಟು ಶೀಲ ಹಿಡಿದು ವಿಹಾರದ ಅಂಚಿನಲ್ಲಿ ಬದುಕುವ ಈ ಹೆಂಗಸರನ್ನು 'ಮೇ ಚಿ' ಎನ್ನುತ್ತಾರೆ. ಅಡುಗೆ, ಕಸಗುಡಿಸುವುದು ಹೆಚ್ಚಾಗಿ ಅವರ ಪಾಲಿಗೇ. ಅಂಥ ಜಾಗದಿಂದ ಬಂದ, ಓದು ಬಾರದ ಹೆಂಗಸೊಬ್ಬರು 1959ರಲ್ಲಿ ಗುರು ತೀರಿಕೊಂಡ ಮೇಲೆ ವಿಶ್ವವಿದ್ಯಾಲಯದ ಹುಡುಗರಿಗೆ ಗುರುವಾದರು. ಈ ಸಂಸ್ಥೆಯ ಇತಿಹಾಸದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸುವ ಸಂಗತಿ ಇದೇ. ಕಸೆಟ್‌ಸಾರ್ಟ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದ ಚೈಬೂನ್ ಸುತ್ತಿಫೋನ್ 1963ರಲ್ಲಿ ಅವರ ಬಳಿ ಬಂದರು. 1969ರಲ್ಲಿ ಭಿಕ್ಷುವಾಗಿ ಧಮ್ಮಜಯೋ ಎಂಬ ಹೆಸರು ಪಡೆದರು. ಮೇ ಚಿ ವಿಹಾರದ ಅಧಿಪತಿಯಾಗುವಂತಿರಲಿಲ್ಲ, ಭಿಕ್ಷುವಾದ ಶಿಷ್ಯ ಆಗಬಹುದಿತ್ತು.

1970ರ ಫೆಬ್ರುವರಿ 20ರಂದು, ದಾನವಾಗಿ ಬಂದ 196 ರೈ ಗದ್ದೆಯಲ್ಲಿ, ಎಂದರೆ ನಮ್ಮ ಲೆಕ್ಕದ ಎಪ್ಪತ್ತೇಳು ಎಕರೆ ಚಿಲ್ಲರೆಯಲ್ಲಿ, ಹೊಸ ವಿಹಾರದ ಕೆಲಸ ಶುರುವಾಯಿತು. ಕೈಯಲ್ಲಿದ್ದ ಹಣ 3,200 ಬಹ್ತ್. ಕಾಲುವೆ ತೋಡಿದರು, ಮರ ನೆಟ್ಟರು. 1977ರಲ್ಲಿ ರಾಜಕುಮಾರಿ ಸಿರಿಂಧೋರ್ನ್ ದೀಕ್ಷಾಮಂದಿರಕ್ಕೆ ಶಿಲಾನ್ಯಾಸ ಮಾಡಿದರು. ಆ ಕಟ್ಟಡ ನೋಡಿದರೆ ಈ ಪಂಗಡದ ಮನಸ್ಸು ಗೊತ್ತಾಗುತ್ತದೆ. ಬೈಲಕುಪ್ಪೆಯ ಟಿಬೆಟನ್ ಮಠಗಳ ಬಣ್ಣವಾಗಲಿ, ಬ್ಯಾಂಕಾಕಿನ ಹಳೆಯ ವಿಹಾರಗಳ ಚಿನ್ನದ ಚಿತ್ತಾರವಾಗಲಿ ಇಲ್ಲಿಲ್ಲ. ಬಿಳಿ ಗೋಡೆ, ನೇರ ಗೆರೆ, ಖಾಲಿ ಜಾಗ. ಭವಿಷ್ಯ ಹೇಳುವುದಿಲ್ಲ, ಲಾಟರಿ ನಂಬರು ಕೊಡುವುದಿಲ್ಲ, ಆವರಣದಲ್ಲಿ ಸಿಗರೇಟು ಮದ್ಯ ಇಲ್ಲ, ಎಲ್ಲರೂ ಬಿಳಿ ಉಟ್ಟು ಸಾಲಾಗಿ ಕೂರಬೇಕು. ಹಳ್ಳಿ ಬಿಟ್ಟು ನಗರಕ್ಕೆ ಬಂದು, ಊರ ವಿಹಾರವನ್ನು ಕಳೆದುಕೊಂಡಿದ್ದ ಹೊಸ ಮಧ್ಯಮವರ್ಗಕ್ಕೆ ಇದು ಹಿಡಿಸಿತು. ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ದೀಕ್ಷೆ ಪಡೆಯಲು ಬಂದರು, ಅವರ ಹಿಂದೆ ಅಪ್ಪ ಅಮ್ಮಂದಿರೂ ಬಂದರು. ವಿಹಾರ ಈಗ ಸುಮಾರು ಒಂದು ಸಾವಿರ ಎಕರೆ. ಈ ಜಾಗವೆಲ್ಲ ಸದ್ದಿಲ್ಲದೆ ಬಂದದ್ದಲ್ಲ. 1980ರ ದಶಕದಲ್ಲಿ ಸುತ್ತಲಿನ ಜಮೀನು ಕೊಂಡಾಗ ಅಲ್ಲಿ ಉಳುತ್ತಿದ್ದ ರೈತರು ಪ್ರತಿಭಟಿಸಿದರು.

ದೊಡ್ಡ ವಿವಾದ ಬಂದದ್ದು ಚೈತ್ಯದ ಕಾಲಕ್ಕೆ. 1990ರ ದಶಕದ ಮಧ್ಯದಲ್ಲಿ ಮಹಾಧಮ್ಮಕಾಯ ಚೈತ್ಯದ ಕೆಲಸ ಹಿಡಿದರು. ಸಾಂಚಿಯ ಸ್ತೂಪದ ಅರ್ಧಗೋಲವನ್ನು ನೆನಪಿಸುವ ಚಿನ್ನದ ಬಣ್ಣದ ಗುಮ್ಮಟ, ಸುತ್ತ ಅಗಲವಾದ ಮೆಟ್ಟಿಲುಗಳ ಹರವು. ಗುಮ್ಮಟದ ಹೊರಮೈಗೆ ಮೂರು ಲಕ್ಷ, ಒಳಗೆ ಏಳು ಲಕ್ಷ ಪುಟ್ಟ ಬುದ್ಧ ವಿಗ್ರಹಗಳು. ದಾನಿಗಳ ಹೆಸರನ್ನು ವಿಗ್ರಹದ ಮೇಲೆ ಕೆತ್ತಲಾಗುತ್ತಿತ್ತು. ಸಾವಿರ ವರ್ಷ ನಿಲ್ಲುವ ಕಟ್ಟಡ ಎಂದು ವಿಹಾರ ಹೇಳಿತು. 1997ರಲ್ಲಿ ಥಾಯ್ ಕರೆನ್ಸಿ ಕುಸಿಯಿತು, ಹಣಕಾಸು ಸಂಸ್ಥೆಗಳು ಮುಚ್ಚಿದವು, ನೌಕರಿ ಹೋದವು. ದಾನದ ಕರೆ ಮಾತ್ರ ನಿಲ್ಲಲಿಲ್ಲ. ಮರುವರ್ಷ, ಚೈತ್ಯದ ಮೇಲೆ ಸೂರ್ಯ ಮರೆಯಾಗಿ ಅಲ್ಲಿ ಲುವಾಂಗ್ ಪು ಸೋದ್ ಅವರ ರೂಪ ಕಂಡಿತೆಂದು ಪತ್ರಿಕೆಗಳಲ್ಲಿ ಜಾಹೀರಾತು ಬಂತು. ಹೊಟ್ಟೆಗಿಲ್ಲದ ಕಾಲದಲ್ಲಿ ಪವಾಡದ ಜಾಹೀರಾತು ಕಂಡು ದೇಶ ಸಿಟ್ಟಾಯಿತು.

ಹಣದ ಸಿಟ್ಟು ಎಲ್ಲರಿಗೂ ಅರ್ಥವಾಗುವಂಥದು. ಅದಕ್ಕಿಂತ ಆಳದ ಪ್ರಶ್ನೆಯನ್ನು ಎತ್ತಿದವರು ಪ. ಅ. ಪಯುತ್ತೋ. ಥಾಯ್ ಬೌದ್ಧರ ಪಂಥವಾದ ಥೇರವಾದದ ಪಂಡಿತ ಭಿಕ್ಷುಗಳಲ್ಲಿ ನಮ್ಮ ಕಾಲದ ಅಗ್ರಗಣ್ಯರು, 1994ರಲ್ಲಿ ಯುನೆಸ್ಕೋದ ಶಾಂತಿ ಶಿಕ್ಷಣ ಪ್ರಶಸ್ತಿ ಪಡೆದವರು. ಧ್ಯಾನದಲ್ಲಿ ಸಿಗುವ ಧಮ್ಮಕಾಯವೇ ನಿಜವಾದ ಆತ್ಮ, ನಿರ್ವಾಣ ಎಂಬುದು ಬುದ್ಧರು ನೆಲೆಸಿರುವ ಒಂದು ಲೋಕ ಎಂಬ ಅರ್ಥದ ಬೋಧನೆ ವಿಹಾರದಲ್ಲಿ ನಡೆಯುತ್ತಿತ್ತು. ಪಯುತ್ತೋ 1999ರಲ್ಲಿ ಒಂದು ಪುಸ್ತಕವನ್ನೇ ಬರೆದು ಇದನ್ನು ಖಂಡಿಸಿದರು. ಥೇರವಾದದ ಅಡಿಗಲ್ಲು ಅನಾತ್ಮ. ದೇಹ, ಮನಸ್ಸು, ಭಾವನೆ ಯಾವುದರಲ್ಲೂ 'ನಾನು' ಎಂದು ಹಿಡಿಯಬಹುದಾದ ತಿರುಳಿಲ್ಲ, ನಿರ್ವಾಣವೂ ಅದಕ್ಕೆ ಹೊರತಲ್ಲ. ಮೂಲಗ್ರಂಥವಾದ ತ್ರಿಪಿಟಕ ಹೀಗೆ ಹೇಳುತ್ತಿರುವಾಗ ಅದಕ್ಕೆ ವಿರುದ್ಧವಾದುದನ್ನು ಬೇರೆ ಹೆಸರಿನಲ್ಲಿ ಕಲಿಸಲಿ, ಬುದ್ಧನ ಹೆಸರಿನಲ್ಲಿ ಬೇಡ ಎಂಬುದು ಅವರ ವಾದದ ಸಾರ. ನಿರ್ವಾಣದ ಬಗ್ಗೆ ಹಿಂದಿನಿಂದಲೂ ಹಲವು ಅಭಿಪ್ರಾಯಗಳಿವೆ, ಧ್ಯಾನಿಯ ಅನುಭವವನ್ನು ಗ್ರಂಥವೊಂದರಿಂದಲೇ ಅಳೆಯಲಾಗದು ಎಂದು ವಿಹಾರದ ಕಡೆಯವರು ಉತ್ತರಿಸಿದರು. ಉಪನಿಷತ್ತಿನ ಆತ್ಮವಿಚಾರ ಕೇಳುತ್ತ ಬೆಳೆದ ನಮಗೆ ಈ ಜಗಳ ಪರಕೀಯವೆನಿಸದು. ಎರಡೂವರೆ ಸಾವಿರ ವರ್ಷಗಳ ಹಿಂದೆ ಗಂಗಾ ಬಯಲಿನಲ್ಲಿ ನಡೆದ ಚರ್ಚೆಯೇ ಬ್ಯಾಂಕಾಕಿನ ದಿನಪತ್ರಿಕೆಗಳ ಮುಖಪುಟಕ್ಕೆ ಬಂದಿತ್ತು. ವಿದ್ವತ್ತಿನ ಮಟ್ಟಿಗೆ ಪಯುತ್ತೋ ಅವರ ಪಕ್ಷವೇ ಗಟ್ಟಿ ಎಂದು ನನಗನಿಸುತ್ತದೆ. ಆದರೆ ಅಪ್ಪನನ್ನು ಹುಡುಕಿ ಹೊರಟವಳಿಗೆ ಅನಾತ್ಮದಿಂದ ಸಮಾಧಾನ ಸಿಗುತ್ತಿತ್ತೇ?

ಅದೇ 1999ರಲ್ಲಿ ಸಂಘರಾಜರ ಪತ್ರಗಳು ಹೊರಬಿದ್ದವು. ವಿಹಾರಕ್ಕೆ ಸೇರಬೇಕಾದ ಜಮೀನು ಧಮ್ಮಜಯೋ ಅವರ ಸ್ವಂತ ಹೆಸರಿನಲ್ಲಿದೆ, ಅದನ್ನು ಹಿಂದಿರುಗಿಸದಿದ್ದರೆ ಭಿಕ್ಷುತ್ವವೇ ಹೋಗುತ್ತದೆ ಎಂಬ ಮಾತು ಅವುಗಳಲ್ಲಿತ್ತು. ಹಣ ದುರುಪಯೋಗದ ಮೊಕದ್ದಮೆ ಹೂಡಲಾಯಿತು, ಅವರನ್ನು ಅಧಿಪತಿ ಸ್ಥಾನದಿಂದ ಅಮಾನತು ಮಾಡಲಾಯಿತು. ಜಮೀನು ಮತ್ತು ಹಣ ವಿಹಾರಕ್ಕೆ ಮರಳಿದವೆಂದು 2006ರ ಆಗಸ್ಟಿನಲ್ಲಿ ಅಟಾರ್ನಿ ಜನರಲ್ ಮೊಕದ್ದಮೆ ಹಿಂದೆಗೆದುಕೊಂಡರು. ಆಗ ಅಧಿಕಾರದಲ್ಲಿದ್ದವರು ಪ್ರಧಾನಿ ಥಾಕ್ಸಿನ್ ಶಿನವಾತ್ರ. ಮರುತಿಂಗಳೇ ಸೇನೆ ಅವರನ್ನು ಕೆಳಗಿಳಿಸಿತು. ಧಮ್ಮಕಾಯ ಎಂದರೆ ಥಾಕ್ಸಿನ್ ಪಾಳಯ ಎಂಬ ಗುಮಾನಿ ವಿಹಾರಕ್ಕೆ ಅಂಟಿಕೊಂಡದ್ದು ಆಮೇಲೂ ಬಿಡಲಿಲ್ಲ.

ಅಷ್ಟರಲ್ಲಿ ವಿಹಾರ ಉಪಗ್ರಹ ಟಿವಿ ಚಾನೆಲ್ ನಡೆಸತೊಡಗಿತ್ತು. ಅದರ ಜನಪ್ರಿಯ ಕಾರ್ಯಕ್ರಮದಲ್ಲಿ ವೀಕ್ಷಕರು ತೀರಿಕೊಂಡ ಅಪ್ಪ, ಅಮ್ಮ, ಗಂಡ, ಮಗುವಿನ ಬಗ್ಗೆ ಬರೆದು ಕೇಳುತ್ತಿದ್ದರು. ಯಾವ ಕರ್ಮದಿಂದ ಹಾಗೆ ಸತ್ತರು, ಈಗ ಯಾವ ಲೋಕದಲ್ಲಿದ್ದಾರೆ, ಇಲ್ಲಿಂದ ಯಾವ ಪುಣ್ಯ ಕಳಿಸಿದರೆ ಅವರಿಗೆ ಒಳಿತು ಎಂದು ಧಮ್ಮಜಯೋ ವಿವರಿಸುತ್ತಿದ್ದರು. ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಸತ್ತ ಮೇಲೆ ಏನಾದರು ಎಂಬುದೂ 2012ರಲ್ಲಿ ಪ್ರಸಾರವಾಯಿತು. ಅವರು ಅರೆ ಯಕ್ಷ, ಅರೆ ವಿದ್ಯಾಧರನಾಗಿ ಹುಟ್ಟಿ ತಮ್ಮ ಹಳೆಯ ಕಚೇರಿಯ ಬಳಿಯೇ ದಿವ್ಯಭವನವೊಂದರಲ್ಲಿದ್ದಾರೆ ಎಂಬ ಸುದ್ದಿ ಪ್ರಪಂಚವೆಲ್ಲ ಸುತ್ತಿತು. ಜನ ನಕ್ಕರು. ನನಗೆ ನಗಲಾಗುವುದಿಲ್ಲ. ಮನೆಗೆಲಸದ ಹೆಂಗಸೊಬ್ಬಳು ತನ್ನ ಅಪ್ಪನಿಗಾಗಿ, ತನ್ನ ಉಸಿರಿನೊಳಗೆ, ಯಾರಿಗೂ ಬಿಲ್ಲು ಕಳಿಸದೆ ಮಾಡಿದ ಹುಡುಕಾಟ ಇಲ್ಲಿ ಟಿವಿ ಕಾರ್ಯಕ್ರಮವಾಗಿತ್ತು. ಉತ್ತರ ಪರರದ್ದು, ಪರೀಕ್ಷಿಸುವ ದಾರಿ ಇಲ್ಲ, ಉತ್ತರದ ಜೊತೆಗೇ ದಾನದ ಸಲಹೆ. ಈ ಸಂಸ್ಥೆ ದಾರಿ ತಪ್ಪಿದ್ದು ಚೈತ್ಯ ಕಟ್ಟಿ ಅಲ್ಲ, ಇಲ್ಲಿ.

ಮುಂದಿನದು ಕ್ಲೊಂಗ್‌ಚಾನ್ ಪತ್ತಿನ ಸಹಕಾರ ಸಂಘದ ಪ್ರಕರಣ. ಸಂಘದ ಅಧ್ಯಕ್ಷರಾಗಿದ್ದ ಸುಪಚೈ ಶ್ರೀಸುಪ್ಪ-ಅಕ್ಸೋರ್ನ್ ಠೇವಣಿದಾರರ ಹಣ ಲಪಟಾಯಿಸಿದ್ದು 2013ರಲ್ಲಿ ಬಯಲಾಯಿತು. ಸಾವಿರ ಕೋಟಿ ಬಹ್ತ್‌ಗೂ ಮೀರಿದ ಮೊತ್ತ. ಅವರು ಧಮ್ಮಕಾಯದ ದೊಡ್ಡ ದಾನಿ, ಕೋಟಿಗಟ್ಟಲೆ ಬಹ್ತ್‌ನ ಚೆಕ್ಕುಗಳು ವಿಹಾರಕ್ಕೂ ಧಮ್ಮಜಯೋ ಅವರಿಗೂ ಹೋಗಿದ್ದವು. ಬಹಿರಂಗವಾಗಿ ಬಂದ ದಾನದ ಮೂಲ ನಮಗೇನು ಗೊತ್ತು ಎಂದಿತು ವಿಹಾರ. ಭಕ್ತರು 68.4 ಕೋಟಿ ಬಹ್ತ್ ಕೂಡಿಸಿ ಸಂಘಕ್ಕೆ ಮರಳಿಸಿದರು. ಇದನ್ನು ಮೆಚ್ಚಬೇಕು. ಆದರೆ ಜೀವಮಾನದ ಉಳಿತಾಯ ಸಿಕ್ಕಿಬಿದ್ದಿದ್ದ ಸಣ್ಣ ಠೇವಣಿದಾರರ ಪರದಾಟ, ಧಮ್ಮಜಯೋ ಅವರನ್ನು ಬಂಧಿಸಲು ಎದ್ದ ಗದ್ದಲದಲ್ಲಿ ಯಾರಿಗೂ ಬೇಡವಾಯಿತು.

2014ರಿಂದ ಆಳುತ್ತಿದ್ದದ್ದು ಸೇನೆ. ಈ ಪ್ರಕರಣದಲ್ಲಿ 2016ರಲ್ಲಿ ಧಮ್ಮಜಯೋ ಮೇಲೆ ವಾರಂಟ್ ಹೊರಟಿತು. ಕಾಯಿಲೆಯೆಂದು ಅವರು ಹಾಜರಾಗಲಿಲ್ಲ. ಜೂನ್‌ನಲ್ಲಿ ಹುಡುಕಲು ಬಂದ ಅಧಿಕಾರಿಗಳು ಸಾಲುಸಾಲಾಗಿ ಧ್ಯಾನಕ್ಕೆ ಕುಳಿತ ಭಕ್ತರನ್ನು ದಾಟಲಾಗದೆ ಮರಳಿದರು. 2017ರ ಫೆಬ್ರುವರಿ 16ರಂದು, ಮಧ್ಯಂತರ ಸಂವಿಧಾನದ, ನ್ಯಾಯಾಲಯದ ಪರಿಶೀಲನೆಯೇ ಇಲ್ಲದ 44ನೇ ವಿಧಿಯನ್ನು ಬಳಸಿ ಸರ್ಕಾರ ವಿಹಾರವನ್ನು ನಿಯಂತ್ರಿತ ಪ್ರದೇಶವೆಂದು ಘೋಷಿಸಿತು. ಸಾವಿರಾರು ಪೊಲೀಸರು, ಸೈನಿಕರು ಮೂರು ವಾರಕ್ಕೂ ಹೆಚ್ಚು ಕಾಲ ಮುತ್ತಿಗೆ ಹಾಕಿ ಶೋಧಿಸಿದರು. ಧಮ್ಮಜಯೋ ಸಿಗಲಿಲ್ಲ. ಮುತ್ತಿಗೆಯನ್ನು ವಿರೋಧಿಸಿ ಒಬ್ಬರು ಪ್ರಾಣ ಕಳೆದುಕೊಂಡರು, ಆವರಣದೊಳಗಿದ್ದ ಒಬ್ಬ ಮಹಿಳೆ ಉಬ್ಬಸದಿಂದ ಸತ್ತರು. ಮಾರ್ಚಿನಲ್ಲಿ ರಾಜಾಜ್ಞೆಯಿಂದ ಧಮ್ಮಜಯೋ ಅವರ ಬಿರುದು ಹೋಯಿತು. ಇದೇ ಅವಧಿಯಲ್ಲಿ ಸಂಘರಾಜ ಪದವಿಗೆ, ಧಮ್ಮಕಾಯದ ಬೇರಾದ ವಾಟ್ ಪಾಕ್ನಾಮ್‌ನ ಅಧಿಪತಿಯ ಹೆಸರನ್ನು ಸಂಘದ ಹಿರಿಯರ ಮಂಡಳಿ ಸೂಚಿಸಿತ್ತು. ಸರ್ಕಾರ ಅದನ್ನು ತಡೆಹಿಡಿದು, ಕಾನೂನನ್ನೇ ತಿದ್ದಿ, ಆಯ್ಕೆಯನ್ನು ಅರಸರ ಕೈಗೆ ಕೊಟ್ಟಿತು. ಇಷ್ಟೆಲ್ಲ ಕೆಲವು ಚೆಕ್ಕುಗಳ ತನಿಖೆಗಾಗಿ ನಡೆಯಿತು ಎಂದು ನಂಬುವುದು ಕಷ್ಟ. ತನ್ನ ಕೈ ಮೀರಿ ಬೆಳೆದ ವಿಹಾರವನ್ನು ಪ್ರಭುತ್ವ ಹದ್ದುಬಸ್ತಿನಲ್ಲಿಡಲು ಹೊರಟಿತ್ತು. ಧಮ್ಮಜಯೋ ಕಾನೂನಿಗೆ ಉತ್ತರ ಹೇಳಬೇಕಿತ್ತು. ಕಾನೂನೂ ಕಾನೂನಿನಂತೆ ನಡೆಯಬೇಕಿತ್ತು.

ಧಮ್ಮಜಯೋ ಅಂದಿನಿಂದ ಜನರೆದುರು ಬಂದಿಲ್ಲ. ವಿಹಾರ ನಿಂತಿಲ್ಲ. ಮಾಘ ಪೂರ್ಣಿಮೆಯ ದೀಪೋತ್ಸವಕ್ಕೆ ಈಗಲೂ ಚೈತ್ಯದ ಸುತ್ತ ಜನ ಸೇರುತ್ತಾರೆ. ಅದೇ ಸಂಸ್ಥೆಯ ಇನ್ನೊಂದು ಕೆಲಸ ಕಡಿಮೆ ಸುದ್ದಿಯಾಗುತ್ತದೆ. 1996ರಲ್ಲಿ ಇಂಗ್ಲೆಂಡಿನ ಪಾಲಿ ಟೆಕ್ಸ್ಟ್ ಸೊಸೈಟಿಯ ತ್ರಿಪಿಟಕವನ್ನು ಸಿ.ಡಿ.ಗೆ ಇಳಿಸಿ ಕೊಟ್ಟದ್ದು ಧಮ್ಮಕಾಯ ಪ್ರತಿಷ್ಠಾನ. 2010ರಿಂದ ಅದು ಸಿಂಹಳ, ಬರ್ಮೀ, ಖ್ಮೇರ್ ಮೊದಲಾದ ಲಿಪಿಗಳ ತಾಳೆಗರಿ ಪ್ರತಿಗಳನ್ನು ಒಂದಕ್ಕೊಂದು ತಾಳೆ ನೋಡಿ ಪಾಲಿ ತ್ರಿಪಿಟಕದ ಹೊಸ ಪರಿಷ್ಕರಣಕ್ಕೆ ಕೈಹಾಕಿದೆ. ಪಯುತ್ತೋ ತಮ್ಮ ಖಂಡನೆಗೆ ಆಧಾರವಾಗಿಟ್ಟ ಅನಾತ್ಮದ ಸೂತ್ರಗಳೂ ಆ ಗರಿಗಳಲ್ಲಿವೆ. ಅವನ್ನು ಅಕ್ಷರ ಬಿಡದೆ ಓದಿ ಪಾಠ ನಿರ್ಣಯಿಸುವ ಕೆಲಸ ಈಗ ಧಮ್ಮಕಾಯದ ವಿದ್ವಾಂಸರ ಮೇಜಿನ ಮೇಲಿದೆ.