ಸಂಗೀತೋತ್ಸವದ ಆಕರ್ಷಣೆ ಮತ್ತು ವೇದಿಕೆಯ ಮೇಲಿನ ಹೆಂಗಸರು

ಗುಂಡಿ ತಿರುಗಿಸಿದರೆ ಮನೆಯಲ್ಲೇ ಕಚೇರಿ ಕೇಳಬಹುದು. ಹೀಗಿದ್ದೂ ರಾಮನವಮಿ ಬಂತೆಂದರೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಜನ ಪೆಂಡಾಲಿಗೆ ಏಕೆ ಹೋಗುತ್ತಾರೆ? ಕಿವಿಯ ಸುಖವೊಂದೇ ಇದಕ್ಕೆ ಕಾರಣವಲ್ಲ. ನೆರವಲ್ ಹದಕ್ಕೆ ಬಂದಾಗ ಪಕ್ಕದಲ್ಲಿ ಕುಳಿತ ಅಪರಿಚಿತರೂ ನಮ್ಮೊಡನೆ ತಲೆದೂಗುತ್ತಾರೆ. ನಾವು ತಾಳ ತಪ್ಪಿದರೆ ಅವರ ಕೈ ನೋಡಿ ಸರಿಪಡಿಸಿಕೊಳ್ಳುತ್ತೇವೆ. ಈ ಒಡನಾಟ ರೇಡಿಯೋದಲ್ಲಿಲ್ಲವೆಂದು ರೇಡಿಯೋ ಪತ್ರಿಕೆಯಲ್ಲಿಯೇ ಒಪ್ಪಿಕೊಳ್ಳೋಣ!

ಉತ್ಸವ ಹೀಗೆ ಹತ್ತು ಜನ ಕೂಡುವ ನೆಲೆಯಾದುದರಿಂದಲೇ, ಅಲ್ಲಿ ಯಾರು ಹಾಡಬಹುದು ಎಂಬುದು ದೊಡ್ಡ ಪ್ರಶ್ನೆಯಾಗುತ್ತದೆ. ತಿರುವೈಯಾರಿನ ಕಥೆಯನ್ನೇ ನೋಡಿ. 1847ರಲ್ಲಿ ತೀರಿಕೊಂಡ ತ್ಯಾಗರಾಜರ ಸಮಾಧಿ ಕಾವೇರಿಯ ದಡದಲ್ಲಿ ಹಾಳು ಬಿದ್ದಿತ್ತು. ನಂಜನಗೂಡಿನ ಕಡೆಯಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು, ತಮ್ಮ ಸಂಪಾದನೆಯ ಹಣ ಸುರಿದು ಅಲ್ಲಿ ಗುಡಿ ಕಟ್ಟಿಸಿದರು. 1925ರಲ್ಲಿ ಕುಂಭಾಭಿಷೇಕವೂ ಆಯಿತು. ಆದರೆ ಅಲ್ಲಿಯ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಆಕೆ ದೇವದಾಸಿ ಮನೆತನದವರು ಎಂಬುದೂ ಆ ವಿರೋಧಕ್ಕೆ ಸೇರಿಕೊಂಡಿತ್ತು. ಗುಡಿಗೆ ಹಣ ಬೇಕು, ಹಾಡು ಬೇಡ! ನಾಗರತ್ನಮ್ಮನವರು ಅತ್ತು ಮನೆಗೆ ಹೋಗಲಿಲ್ಲ. ಹೆಂಗಸರದೇ ಒಂದು ಪಕ್ಷ ಕಟ್ಟಿ ಬೇರೆ ಆರಾಧನೆ ನಡೆಸಿದರು. ಗಂಡಸರಲ್ಲೇ ಆಗ ಎರಡು ಪಕ್ಷಗಳಿದ್ದುವು. 1940ರ ಸುಮಾರಿಗೆ ಮೂರೂ ಒಂದಾದುವು. ಎಲ್ಲರೂ ಕೂಡಿ ಪಂಚರತ್ನ ಕೃತಿಗಳನ್ನು ಹಾಡುವ ಈಗಿನ ಏರ್ಪಾಡು ಬಂದುದು ಆ ಒಗ್ಗೂಡುವಿಕೆಯಿಂದಲೇ.

‘ಹೆಂಗಸರ ಕಚೇರಿ ಇಟ್ಟರೆ ಜನ ಬರುವುದಿಲ್ಲ’ ಎನ್ನುವವರು ಇದನ್ನು ಗಮನಿಸಬೇಕು. ತಿರುವೈಯಾರಿಗೆ ಜನ ಒಬ್ಬ ವಿದ್ವಾಂಸರ ಹೆಸರು ನೋಡಿ ಬರುವುದಿಲ್ಲ. ಅಲ್ಲಿ ಹೆಂಗಸರಿಗೆ ಅಡ್ಡವಾಗಿದ್ದುದು ಕೇಳುಗರ ಅಭಿರುಚಿಯಲ್ಲ, ನಡೆಸುವವರ ಕಟ್ಟುಪಾಡು.

ಹಾಡುಗಾರ್ತಿಯರಿಗೆ ಬಾಗಿಲು ಬೇಗನೆ ತೆರೆಯಿತೆಂದು ಹೇಳುವಂತಿಲ್ಲ. 1928ರಲ್ಲಿ ಸ್ಥಾಪನೆಯಾದ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಮೊದಲ ಬಾರಿಗೆ ಮಹಿಳೆಯೊಬ್ಬರಿಗೆ, ಎಂ. ಎಸ್. ಸುಬ್ಬುಲಕ್ಷ್ಮಿಯವರಿಗೆ, ಸಂದುದು 1968ರಲ್ಲಿ. ಪಕ್ಕವಾದ್ಯದವರ ಪಾಡು ಇನ್ನೂ ನಿಧಾನ. ಆ ಬಿರುದು ಪಿಟೀಲು ನುಡಿಸುವ ಮಹಿಳೆಗೆ, ಎ. ಕನ್ಯಾಕುಮಾರಿಯವರಿಗೆ, ಬರಲು 2016 ಆಗಬೇಕಾಯಿತು. ಘಟ, ಮೃದಂಗಗಳನ್ನು ಕಲಿತ ಹೆಣ್ಣುಮಕ್ಕಳಿಗೆ ಕಲಿಕೆಗಿಂತ ಕಚೇರಿ ದೊರೆಯುವುದೇ ಕಷ್ಟ. ಪಕ್ಕವಾದ್ಯ ಒಬ್ಬರ ಕೈಯಲ್ಲಿಲ್ಲ: ಗಾಯಕರು ಒಪ್ಪಬೇಕು, ಜೊತೆಯ ಮೃದಂಗದವರು ಒಪ್ಪಬೇಕು, ಸಭೆಯವರು ಕರೆಯಬೇಕು. ಬೆಂಗಳೂರಿನಲ್ಲಿ ನೆಲೆಸಿದ ಘಟವಿದುಷಿ ಸುಕನ್ಯಾ ರಾಮಗೋಪಾಲ್ ಅವರು ಹೆಂಗಸರದೇ ಆದ ‘ಸ್ತ್ರೀ ತಾಳ ತರಂಗ’ ಕಟ್ಟಿದರು. ಅದು ತಿರುವೈಯಾರಿನಲ್ಲಿ ನಾಗರತ್ನಮ್ಮನವರು ಹಿಡಿದ ದಾರಿಯೇ. 2014ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಅವರಿಗೆ ಸಂದಿತು.

ಮುಂದಿನ ರಾಮೋತ್ಸವದ ಕಾರ್ಯಕ್ರಮ ಪತ್ರಿಕೆ ಕೈಗೆ ಬಂದಾಗ, ಹಾಡುವವರ ದಪ್ಪಕ್ಷರದ ಹೆಸರುಗಳ ಜೊತೆಗೆ, ಅವುಗಳ ಕೆಳಗೆ ಸಣ್ಣಕ್ಷರದಲ್ಲಿರುವ ಮೃದಂಗ, ಘಟ, ಖಂಜಿರಗಳ ಸಾಲನ್ನೂ ವಾಚಕರು ದಯವಿಟ್ಟು ಓದಿ ನೋಡಬೇಕು.